ಬತ್ತೀನಿ ಅನ್ನಿಸುವ ಕೆಲಸ

ನನ್ನ ಮಗಳು ದೇವೀರಿ, ಹೊಳೆಯ ಕೆಳಗಿನ ಸುರಂಗದೊಳಗೆ ಹೋಗಿ ಈ ಯುಗಾದಿಗೆ ಮೂರು ವರ್ಷವಾಯಿತು. ಅವಳು ಆಚೆ ಊರಿನ ಕಡೆ ಹೊರಗೆ ಬರಲಿಲ್ಲ, ಈಚೆಗೂ ಬರಲಿಲ್ಲ. ಅವಳಿಗೆ ಗೇಟು ಎತ್ತಿದವಳು ನಾನೇ. ಆಮೇಲೆ ವಿಚಾರಣೆಯ ಸಾಹೇಬರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಆವತ್ತು ನಿಮ್ಮ ಮಗಳು ಏನಂದಳು ಎಂದು ಕೇಳಿದರು. ನಾನೊಂದು ಉತ್ತರ ಕೊಟ್ಟೆ. ಅವರು ಅದನ್ನು ಬರೆದುಕೊಂಡು ಸಹಿ ಹಾಕಿಸಿಕೊಂಡರು. ಆ ಉತ್ತರದ ವಿಷಯ ಆಮೇಲೆ ಹೇಳುತ್ತೇನೆ, ತಪ್ಪಿಸಿಕೊಳ್ಳುವುದಿಲ್ಲ. ಮೊದಲು ಸುರಂಗದ ಕಥೆ ಹೇಳಬೇಕು. ನಮ್ಮ ಶಾಲೆಯ ಪುಸ್ತಕದಲ್ಲಿ ಅದರ ಚರಿತ್ರೆ ಎಂದು ಮೂರು ಪುಟ ಬರೆದಿದ್ದಾರೆ, ಅರ್ಧಕ್ಕರ್ಧ ಬೊಗಳೆ. ಉದ್ಘಾಟನೆಯ ಕಲ್ಲಿನ ಮೇಲಂತೂ ತಾರೀಖು ಬಿಟ್ಟರೆ ಬೇರೆ ಏನೂ ನಿಜವಲ್ಲ.

ಹೊಳೆಗೆ ಈಚೆ ನಮ್ಮ ಊರು, ಆಚೆ ಅವರ ಊರು. ಎರಡೂ ಊರಲ್ಲಿ ಒಂದೇ ಮಾತು, ಒಂದೇ ಸೊಪ್ಪಿನ ಸಾರು, ಒಂದೇ ತರದ ಜಗಳ. ಹೆದ್ದಾರಿ ಎರಡು ಕಡೆಯಿಂದಲೂ ದಂಡೆಯವರೆಗೆ ಬಂದು ಅಲ್ಲಿಗೇ ನಿಂತುಬಿಟ್ಟಿತ್ತು. ನಡುವೆ ಮುಕ್ಕಾಲು ಮೈಲಿ ನೀರು. ಸೇತುವೆ ಕಟ್ಟುತ್ತೇವೆಂದು ಮೂರು ಸಲ ಕಂಬ ನಿಲ್ಲಿಸಿದರು, ಮೂರು ಸಲವೂ ಹೊಳೆಯ ಕೆಸರು ಕಂಬಗಳನ್ನು ನುಂಗಿ ಸುಮ್ಮನಾಯಿತು. ಲಾರಿಗಳನ್ನು ದೊಡ್ಡ ತೆಪ್ಪದ ಮೇಲೆ ಒಂದೊಂದಾಗಿ ದಾಟಿಸುತ್ತಿದ್ದರು. ಸರದಿಗೆ ನಿಂತ ಲಾರಿಗಳಲ್ಲಿ ಟೊಮೇಟೊ ಕೊಳೆತು ದಂಡೆಯೆಲ್ಲ ಗಬ್ಬು ನಾರುತ್ತಿತ್ತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಆ ವಾಸನೆಗೆ ವಾರಗಟ್ಟಲೆ ಊಟ ಸೇರುತ್ತಿರಲಿಲ್ಲ. ಕೊನೆಗೆ ಮೇಲಿನವರು ಯಾರೋ, ಮೇಲೆ ಆಗದಿದ್ದರೆ ಕೆಳಗೆ ಹೋಗೋಣ ಎಂದರಂತೆ.

ಅಗೆಯುವುದಕ್ಕೆ ಆರು ವರ್ಷ ಹಿಡಿಯಿತು. ಏಳುನೂರು ಜನ ಕೆಲಸಕ್ಕಿದ್ದರು, ಅವರಲ್ಲಿ ನನ್ನ ಗಂಡ ಜವರಯ್ಯನೂ ಒಬ್ಬ. ಹೊಳೆಯ ನೀರು ಒಳಗೆ ನುಗ್ಗದಿರಲಿ ಎಂದು ಯಂತ್ರ ಇಟ್ಟು ಸುರಂಗದೊಳಗೆ ಗಾಳಿಯನ್ನು ಒತ್ತಿ ತುಂಬುತ್ತಿದ್ದರು. ಆ ಒತ್ತಡದಲ್ಲಿ ಕೆಲಸ ಮಾಡಿದವನು ತಕ್ಷಣ ಹೊರಗೆ ಕಾಲಿಡುವ ಹಾಗಿಲ್ಲ. ಬಾಯಿಯ ಹತ್ತಿರ ಒಂದು ಕಬ್ಬಿಣದ ಕೋಣೆ ಇತ್ತು. ಅದರೊಳಗೆ ಒಂದೂವರೆ ಗಂಟೆ ಕೂತಿರಬೇಕು. ಗಾಳಿ ಮೆಲ್ಲಗೆ ಇಳಿದು, ಮೈ ಒಗ್ಗಿದ ಮೇಲೆ ಬಾಗಿಲು ತೆರೆಯುತ್ತಿದ್ದರು. ಕೂಲಿಯವರು ಅದಕ್ಕೆ ಸುಮ್ಕೂರೋ ಮನೆ ಎಂದು ಹೆಸರಿಟ್ಟಿದ್ದರು. ಅಲ್ಲಿ ಕೂರದೆ ಆತುರ ಮಾಡಿ ಹೊರಗೆ ಬಂದವರಿಗೆ ಕೀಲುಕೀಲಿನಲ್ಲಿ ನೋವು ಹೊಕ್ಕು, ಮೈ ಎರಡಾಗಿ ಮಡಚಿಕೊಂಡು ಬೀಳುತ್ತಿದ್ದರು. ಕೆಲವರು ಎದ್ದರು, ಕೆಲವರು ಏಳಲಿಲ್ಲ. ಪುಸ್ತಕದಲ್ಲಿ ಸುಮ್ಕೂರೋ ಮನೆಯ ಸುದ್ದಿಯೇ ಇಲ್ಲ.

ಜವರಯ್ಯ ದಿನಾ ಕೆಲಸಕ್ಕೆ ಹೊರಡುವಾಗ ಬಾಗಿಲಲ್ಲಿ ನಿಂತು "ಬತ್ತೀನಿ ಕಣಮ್ಮಿ" ಅನ್ನುತ್ತಿದ್ದ. ಯಾರು ಅನ್ನುವುದಿಲ್ಲ ಹೇಳಿ. ಹೊರಟವರು ಹೋಗ್ತೀನಿ ಅನ್ನಬಾರದು ಎಂದು ತಾಯಿ ಹಾಲಿನ ಜೊತೆಗೇ ಕಲಿತ ಜನ ನಾವು. ಆವತ್ತು ನನಗೆ ಬೆಳಿಗ್ಗೆಯಿಂದಲೇ ಹೆರಿಗೆ ನೋವು ಶುರುವಾಗಿತ್ತು. ರಜ ಕೇಳಿದ್ದಕ್ಕೆ ಮೇಸ್ತ್ರಿ ಕೊಡಲಿಲ್ಲ. ಜವರಯ್ಯ ಹೊರಡುವಾಗ ಒಂದು ಪದ ಸೇರಿಸಿದ, ಬೇಗ ಬತ್ತೀನಿ ಎಂದ. ಮಧ್ಯಾಹ್ನ ಯಾರೋ ಹೋಗಿ, ನಿನ್ನ ಹೆಂಡತಿಗೆ ಹೆಣ್ಣು ಮಗು ಆಯಿತು ಎಂದು ಹೇಳಿದ್ದಾರೆ. ಅವನು ಸುಮ್ಕೂರೋ ಮನೆಯಲ್ಲಿ ಕೂತ ಶಾಸ್ತ್ರ ಮಾಡಿ, ಕಾವಲಿನವನು ಆ ಕಡೆ ತಿರುಗಿದಾಗ ಗಾಳಿಯ ತಿರುಪು ತಾನೇ ಬಿಚ್ಚಿ, ಓಡುತ್ತ ನಾವಿದ್ದ ಶೆಡ್ಡಿನ ಬಾಗಿಲಿಗೆ ಬಂದ. ಮಗುವಿನ ಮುಖ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ಮಡಚಿಕೊಂಡ. ಸಂಜೆಯ ಹೊತ್ತಿಗೆ ಅವನಿರಲಿಲ್ಲ. ಬಾಣಂತಿ ಎಂದು ನನ್ನನ್ನು ಹೆಣದ ಹತ್ತಿರಕ್ಕೂ ಬಿಡಲಿಲ್ಲ. ಬೇಗ ಬಂದ, ಮಾತು ಉಳಿಸಿಕೊಂಡ, ಏನು ಮಾಡಲಿ.

ದೇವೀರಿಗೆ ಎರಡು ವರ್ಷವಾದಾಗ ಸುರಂಗ ತೆರೆಯಿತು. ಅದರ ದೊಡ್ಡ ಇಂಜಿನಿಯರು ಎಲ್ಲಿಂದಲೋ ಬಂದವರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಆರು ವರ್ಷ ಪುಸ್ತಕ ಇಟ್ಟುಕೊಂಡು ನಮ್ಮ ಮಾತು ಕಲಿತಿದ್ದರು, ಒಂದು ಒತ್ತಕ್ಷರ ತಪ್ಪುತ್ತಿರಲಿಲ್ಲ. ಉದ್ಘಾಟನೆಯ ದಿನ ಕೊರಳಿಗೆ ಹಾರ ಹಾಕಿಸಿಕೊಂಡು, ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಕೈ ಮುಗಿದು, "ಸರಿ, ನಾನು ಹೋಗುತ್ತೇನೆ" ಎಂದರು. ಮುಂದೆ ನಿಂತಿದ್ದ ಹೆಂಗಸರಲ್ಲಿ ಹೂ ಮಾರುವ ಮುದುಕಿಯೊಬ್ಬಳು, ಹಂಗನ್ನಬಾರ್ದು ಸ್ವಾಮಿ, ಬತ್ತೀನಿ ಅನ್ನಿ ಎಂದಳು. ಅವರು ನಕ್ಕು, "ಬರುವುದಲ್ಲ ಅಮ್ಮ, ಹೋಗುವುದು" ಎಂದು ಅವಳನ್ನೇ ತಿದ್ದಿದರು. ಕಾರು ಒಳಗೆ ಹೋಯಿತು. ಆಚೆ ಊರಿನವರು ವಾದ್ಯ ಇಟ್ಟುಕೊಂಡು ಕಾಯುತ್ತಿದ್ದರು. ಕಾರು ಸರಿಯಾಗಿಯೇ ಹೊರಗೆ ಬಂತು, ಡ್ರೈವರು ಬಂದು ಹಿಂದಿನ ಬಾಗಿಲು ತೆಗೆದರೆ ಸೀಟಿನ ಮೇಲೆ ಹಾರ ಮಾತ್ರ ಇತ್ತು. ಆ ಡ್ರೈವರು ಮನೆಯಲ್ಲಿ ಹೆಂಡತಿಗೆ ಬತ್ತೀನಿ ಎಂದು ಹೇಳಿ ಹೊರಟಿದ್ದವನು.

ಎರಡು ತಿಂಗಳಲ್ಲಿ ಹೀಗೆ ಹನ್ನೊಂದು ಜನ ಹೋದರು. ಪೊಲೀಸರು ಗೋಡೆ ತಟ್ಟಿ ನೋಡಿದರು, ಚರಂಡಿಯೆಲ್ಲ ಜಾಲಾಡಿದರು. ವಿಷಯ ಹಿಡಿದದ್ದು ಹೂ ಮಾರುವ ಹೆಂಗಸರು. ಅವರು ಸುರಂಗದ ಬಾಯಲ್ಲೇ ಬುಟ್ಟಿ ಇಟ್ಟುಕೊಂಡು ಕೂರುವವರು, ಹೊರಟವರ ಕೊನೆಯ ಮಾತೆಲ್ಲ ಅವರ ಕಿವಿಗೆ ಬೀಳುತ್ತಿತ್ತು. ಹೋಗ್ತೀನಿ ಅಂದವರು ಹೋದರು, ಬತ್ತೀನಿ ಅಂದವರು ಬಂದರು, ಅಷ್ಟೇ. ಆರು ತಿಂಗಳಿಗೆ ಸರ್ಕಾರದವರೂ ಒಪ್ಪಿಕೊಂಡು, ಬಾಯಲ್ಲಿ ಒಂದು ಗೇಟು ಹಾಕಿ, ಪಕ್ಕದಲ್ಲಿ ಕಿಟಕಿ ಇರುವ ಗೂಡು ಕಟ್ಟಿದರು. ಒಳಗೆ ಹೋಗುವ ಪ್ರತಿಯೊಬ್ಬರ ಬಾಯಲ್ಲೂ ಬತ್ತೀನಿ ಅನ್ನಿಸಿ, ಹೋಗಿ ಬನ್ನಿ ಎಂದು ಹೇಳಿ, ಗೇಟು ಎತ್ತುವುದಕ್ಕೆ ಒಬ್ಬರು ಬೇಕಾಯಿತು. ಗಂಡ ಅದರಲ್ಲೇ ಸತ್ತವನು ಎಂಬ ಕನಿಕರಕ್ಕೆ ನನಗೆ ಕೊಟ್ಟರು. ಆದೇಶದಲ್ಲಿ ಬೀಳ್ಕೊಡುಗೆ ಸಹಾಯಕಿ ಎಂದು ಬರೆದಿತ್ತು. ಜನ ಗೇಟು ತಾಯಮ್ಮ ಅನ್ನುತ್ತಾರೆ. ಇಪ್ಪತ್ತೈದು ವರ್ಷದಿಂದ ಮಾಡುತ್ತಿರುವುದು ಇದೊಂದೇ ಕೆಲಸ.

ಸುಲಭ ಅಂದುಕೊಳ್ಳಬೇಡಿ. ಎಳೆಗೂಸಿನ ಪರವಾಗಿ ತಾಯಿ ಬತ್ತೀವಿ ಅನ್ನಬೇಕು, ಬತ್ತೀನಿ ಅಂದರೆ ಸಾಲದು. ಮಾತು ಬಾರದವರು ಕೈ ಹೊರಗೆ ಚಾಚಿ ಮತ್ತೆ ಎದೆಗೆ ತಂದುಕೊಳ್ಳಬೇಕು. ಜಗಳವಾಡಿಕೊಂಡು ಬಂದ ಗಂಡ ಹೆಂಡಿರನ್ನು ಪಕ್ಕಕ್ಕೆ ನಿಲ್ಲಿಸಿ ನೀರು ಕೊಟ್ಟು, ಕೋಪ ಇಳಿದ ಮೇಲೆ ಬಿಡುತ್ತಿದ್ದೆ. ಬೇಗ ಎಂಬ ಪದ ನನ್ನ ಕಿಟಕಿಯಲ್ಲಿ ನಿಷೇಧ, ಅದನ್ನು ಬೋರ್ಡಿನ ಮೇಲೆ ಬರೆಸಿದವಳೇ ನಾನು. ಬದುಕು ಬೇಡವಾಗಿ, ಹೋಗ್ತೀನಿ ಅನ್ನುವುದಕ್ಕೇ ಬರುವವರೂ ಇದ್ದರು. ಅವರ ಮುಖ ನೋಡಿದರೇ ತಿಳಿಯುತ್ತಿತ್ತು. ಗೂಡಿನೊಳಗೆ ಕೂರಿಸಿ, ಕಾಫಿ ಕೊಟ್ಟು, ಬಯ್ದು, ಮನೆಯವರಿಗೆ ಫೋನ್ ಮಾಡಿಸುತ್ತಿದ್ದೆ. ನಲವತ್ತೇಳು ಜನರನ್ನು ಹಾಗೆ ಹಿಂದಕ್ಕೆ ಕಳಿಸಿದ್ದೇನೆ. ಜಿಲ್ಲಾಡಳಿತದವರು ನನಗೆ ಶಾಲು ಹೊದಿಸಿದ್ದಾರೆ, ಮನೆಯ ಗೋಡೆಯ ಮೇಲೆ ಫೋಟೋ ಇತ್ತು. ಮೂರು ವರ್ಷದಿಂದ ಅದರ ಮುಖ ನೋಡಲಾಗದೆ ಹಿಂದುಮುಂದು ತಿರುಗಿಸಿ ಇಟ್ಟಿದ್ದೆ.

ಬತ್ತೀನಿ ಅಂದವರು ಬಂದೇ ಬರುತ್ತಾರೆ ಎಂದೆನಲ್ಲ, ಅದರಲ್ಲೂ ಒಂದಿದೆ. ನಮ್ಮ ಬೀದಿಯ ದರ್ಜಿಯೊಬ್ಬ ಆಚೆ ಊರಿನ ಮದುವೆಗೆ ಹೋದವನು ಊಟದ ಪಂಕ್ತಿಯಲ್ಲೇ ಎದೆ ಹಿಡಿದುಕೊಂಡು ಸತ್ತ. ಅವರು ಫೋನ್ ಮಾಡಿ ತಿಳಿಸಿದರು, ಇಲ್ಲಿ ಮನೆಯವರು ಅಳುತ್ತ ಕೂತರು. ಮಾರನೆಯ ದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ದರ್ಜಿ ಸುರಂಗದಿಂದ ನಡೆದು ಬಂದ. ನನ್ನ ಕಿಟಕಿಯ ಮುಂದೆ ನಿಂತು "ಬಂದೆ" ಎಂದ. ಅಷ್ಟು ಹೇಳಿ ಬೆಂಚಿನ ಮೇಲೆ ಕೂತ, ಆಮೇಲೆ ಅವನು ಬರೀ ಹೆಣ. ಅಂದಿನಿಂದ ಗೂಡಿನಲ್ಲಿ ಒಂದು ಬಿಳಿ ಬಟ್ಟೆ ಮಡಚಿ ಇಟ್ಟಿರುತ್ತೇನೆ. ಬಂದ್ರಾ, ಕೂತ್ಕೊಳ್ಳಿ ಅನ್ನುವುದೂ ನನ್ನ ಕೆಲಸವೇ ಆಯಿತು. ಜನ ಅದಕ್ಕೂ ಒಗ್ಗಿಕೊಂಡರು. ನಮ್ಮವರು ಯಾರಾದರೂ ಆಚೆ ಸತ್ತರೆ ಮನೆಯವರು ಚಟ್ಟ ಕಟ್ಟಿಕೊಂಡು ನೇರ ನನ್ನ ಬೆಂಚಿನ ಹತ್ತಿರ ಬಂದು ಕಾಯುತ್ತಾರೆ.

ಈಚೆಯವರು ಆಚೆಗೆ ಹೋಗುವಾಗ ಒಂದು ಸಲ ಹೇಳಿದರೆ ಸಾಕು, ವಾಪಸು ಬರುವಾಗ ಏನೂ ಹೇಳಬೇಕಿಲ್ಲ. ಆಚೆಯವರಿಗೂ ಹಾಗೆಯೇ, ಅವರ ಬಾಯಲ್ಲೂ ಇಂಥದೇ ಗೂಡು ಇದೆ. ಎರಡೂ ಕಡೆ ಹೇಳಬೇಕಾದವರು ಒಂದು ಊರಿಂದ ಇನ್ನೊಂದಕ್ಕೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಮಾತ್ರ. ಅತ್ತೆಮನೆಯಿಂದ ಹೊರಡುವಾಗ ಅಲ್ಲಿ ಬತ್ತೀನಿ, ತಾಯಿಮನೆಯಿಂದ ಹೊರಡುವಾಗ ಇಲ್ಲಿ ಬತ್ತೀನಿ. ಯಾವ ಕಡೆಯೂ ಅವರನ್ನು ಬಿಡುವುದಿಲ್ಲ. ಈ ಕಾನೂನು ಯಾರು ಮಾಡಿದರೋ ಗೊತ್ತಿಲ್ಲ, ಮಾಡಿದವರು ಹೆಂಗಸಲ್ಲ ಎಂಬುದಂತೂ ಖಂಡಿತ.

ಇನ್ನೊಬ್ಬನ ಸುದ್ದಿ ಹೇಳಿಬಿಡಬೇಕು. ಹೊನ್ನಯ್ಯ ಎಂದು, ಹಿಂದೆ ತೆಪ್ಪ ನಡೆಸುತ್ತಿದ್ದವನು, ಸುರಂಗ ಬಂದ ಮೇಲೆ ಕೆಲಸ ಕಳೆದುಕೊಂಡಿದ್ದ. ಅವನ ತಮ್ಮ ಗೇಟು ಬರುವುದಕ್ಕೆ ಮುಂಚೆ ಮನೆಯಲ್ಲಿ ಜಗಳವಾಡಿ, ಹೋಗ್ತೀನಿ ಎಂದು ಕೂಗಿ, ಒಳಗೆ ನಡೆದು ಇಲ್ಲವಾದವನು. ಹೊನ್ನಯ್ಯ ಒಂದು ದಿನ ಲಾಟೀನು ಹಿಡಿದು ನನ್ನ ಕಿಟಕಿಗೆ ಬಂದು, "ತಮ್ಮನ್ನ ಕರ್ಕೊಂಡು ಬತ್ತೀನಿ ತಾಯಕ್ಕ" ಎಂದ. ನನಗೆ ಆಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ, ಕೊನೆಯಲ್ಲಿ ಬತ್ತೀನಿ ಇತ್ತು. ಹೋಗಿ ಬಾ ಎಂದೆ. ಇಪ್ಪತ್ತು ವರ್ಷವಾಯಿತು. ನಡು ಸುರಂಗದಲ್ಲಿ ಪಕ್ಕದ ಕಟ್ಟೆಯ ಮೇಲೆ ಲಾಟೀನು ಹಿಡಿದು ನಡೆಯುತ್ತಿರುವವನನ್ನು ಲಾರಿಯವರು ಈಗಲೂ ನೋಡುತ್ತಾರೆ. ಗಾಡಿ ನಿಲ್ಲಿಸಿದರೆ ಕಾಣುವುದಿಲ್ಲವಂತೆ. ಒಬ್ಬನೇ ಬರುವ ಹಾಗಿಲ್ಲ, ತಮ್ಮ ಸಿಕ್ಕಿಲ್ಲ, ಹಾಗಾಗಿ ಹುಡುಕುತ್ತಲೇ ಇದ್ದಾನೆ. ಅಂದಿನಿಂದ ಕರ್ಕೊಂಡು ಬತ್ತೀನಿ ಎಂಬ ಮಾತನ್ನೂ ನಿಷೇಧವೆಂದು ಬೋರ್ಡಿನ ಮೇಲೆ ಬರೆಸಿದೆವು.

ದೇವೀರಿ ಬೆಳೆದದ್ದು ಆ ಗೂಡಿನಲ್ಲೇ. ಮೇಜಿನ ಕೆಳಗೆ ಮಲಗುತ್ತಿದ್ದಳು, ಬೆಂಚಿನ ಮೇಲೆ ಕೂತು ಮಗ್ಗಿ ಬಾಯಿಪಾಠ ಮಾಡುತ್ತಿದ್ದಳು. ಬಂದ ಹೆಣಗಳಿಗೂ ಹೆದರುತ್ತಿರಲಿಲ್ಲ, ಅವುಗಳ ಚಪ್ಪಲಿ ಬಿಚ್ಚಿ ಜೋಡಿಸಿ ಇಡುತ್ತಿದ್ದಳು. ಹನ್ನೆರಡು ವರ್ಷದವಳಿದ್ದಾಗ ಒಂದು ದಿನ ನನ್ನನ್ನೇ ದಿಟ್ಟಿಸಿ ನೋಡಿ, ಅವ್ವ, ಅವರು ಅನ್ನೋದು ನಿಂಗೆ ನಿಜವಾಗ್ಲೂ ಕೇಳಿಸ್ತದಾ, ಇಲ್ಲ ಸುಮ್ನೆ ತಲೆ ಆಡಿಸ್ತೀಯಾ ಎಂದು ಕೇಳಿದಳು. ದಿನಕ್ಕೆ ಎರಡು ಸಾವಿರ ಸಲ ಕೇಳಿದರೂ ನನ್ನ ಕಿವಿ ತಪ್ಪುವುದಿಲ್ಲ ಎಂದು ಬೀಗಿಕೊಂಡು ಹೇಳಿದೆ. ಹೌದು, ನನ್ನ ಕಿವಿ ಎಂದೂ ತಪ್ಪಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ.

ಇಪ್ಪತ್ತೆರಡಕ್ಕೆ ಅವಳನ್ನು ಆಚೆ ಊರಿಗೆ ಕೊಟ್ಟೆ. ಹುಡುಗ ಸಿದ್ದರಾಜು, ಹೆದ್ದಾರಿಯ ಮೇಲೆ ಟೈರಿನ ಅಂಗಡಿ ಇಟ್ಟಿದ್ದ. ನೋಡುವುದಕ್ಕೆ ಮಾತು ಕಡಿಮೆ, ನಮಸ್ಕಾರ ಜಾಸ್ತಿ. ನಾನು ಅದನ್ನೇ ಗುಣ ಎಂದುಕೊಂಡೆ. ಮೊದಲನೆಯ ಗೌರಿ ಹಬ್ಬಕ್ಕೆ ಬಂದಾಗ ಅವಳ ಮುಂಗೈಯಲ್ಲಿ ಬರೆ ಇತ್ತು, ಒಲೆ ತಾಗಿತು ಎಂದಳು, ನಾನು ನಂಬಿದೆ. ನಂಬಿದೆ ಅಂದರೆ ನಂಬುವುದು ಸುಲಭವಾಗಿತ್ತು. ಆಮೇಲೆ ಎರಡು ಸಲ ಬಂದಾಗ ಬರೆಗೆ ಕಾರಣವನ್ನೂ ಹೇಳಲಿಲ್ಲ. ನಾಲ್ಕನೆಯ ಸಲ, ಯುಗಾದಿಗೆ ಮುಂಚೆ ಬಂದಾಗ, ನಾನು ಎಡಗಡೆ ನಿಂತು ಕರೆದರೆ ತಿರುಗುತ್ತಿರಲಿಲ್ಲ. ಟೈರಿನ ಗಾಳಿ ನೋಡುವ ಕಬ್ಬಿಣದ ಕೊಳವೆಯಿಂದ ಹೊಡೆದಿದ್ದನಂತೆ, ಎಡಗಿವಿ ಪೂರ್ತಿ ಹೋಗಿತ್ತು. ಡಾಕ್ಟರಿಗೆ ತೋರಿಸಿದೆ, ಔಷಧಿ ಹಾಕಿಸಿದೆ, ಅವನಿಗೆ ಮನಸ್ಸಿನಲ್ಲೇ ಶಾಪ ಹಾಕಿದೆ. ಹದಿನೈದು ದಿನ ಅವಳು ನನ್ನ ಮನೆಯಲ್ಲಿದ್ದಳು. ಹದಿನೈದನೆಯ ದಿನ ಅವನು ವ್ಯಾನು ತೆಗೆದುಕೊಂಡು ಕರೆಯಲು ಬರುತ್ತೇನೆಂದು ಹೇಳಿಕಳಿಸಿದ.

ಆವತ್ತು ಬೆಳಿಗ್ಗೆ ಅಡಿಗೆ ಮನೆಯಲ್ಲಿ ನಾನು ದಾರಿಗೆಂದು ನಿಪ್ಪಟ್ಟು ಕರಿಯುತ್ತಿದ್ದೆ. ಅವಳು ಬಾಗಿಲಿಗೆ ಒರಗಿ, ನಾನು ಇಲ್ಲೇ ಇದ್ದುಬಿಡ್ತೀನಿ ಎಂದಳು. ಅದಾಗುವುದಿಲ್ಲ ಎಂದೆ. ಅಲ್ಲಿ ಗೇಟಿನಲ್ಲಿ ಬತ್ತೀನಿ ಅಂದು ಬಂದವಳು, ಹೋಗಲೇಬೇಕು. ನೀನಾಗಿ ಹೋಗದಿದ್ದರೆ ಹೇಗೆ ಹೋಗ್ತೀಯ ಅನ್ನುವುದನ್ನು ನನ್ನ ಬೆಂಚಿನ ಮೇಲೆ ಎಷ್ಟು ಸಲ ನೋಡಿಲ್ಲ ನೀನು, ಎಂದೆ. 

"ಹಂಗಾದ್ರೆ ಸತ್ತ ಮೇಲೆ ಹೋಗ್ತೀನಿ ಬಿಡವ್ವ" ಎಂದಳು. "ಬದುಕಿರೋಗಂಟ ಇಲ್ಲಿರ್ತೀನಿ."

ಇಪ್ಪತ್ತೆರಡು ವರ್ಷ ಆ ಗೇಟಿನಲ್ಲಿ ಕೂತ ನನಗೆ ಈ ದಾರಿ ಹೊಳೆದೇ ಇರಲಿಲ್ಲ. ಮಾತು ತಪ್ಪುತ್ತಿರಲಿಲ್ಲ. ಯಾವಾಗ ಬತ್ತೀನಿ ಎಂದು ಅವಳೇನೂ ಹೇಳಿ ಬಂದಿರಲಿಲ್ಲ. ಐವತ್ತು ವರ್ಷ ನನ್ನ ಜೊತೆ ಇದ್ದು, ಮುದುಕಿಯಾಗಿ ಸತ್ತು, ಆಮೇಲೆ ಎದ್ದು ನಡೆದು ಹೋಗಿ ಅವರ ಬೆಂಚಿನ ಮೇಲೆ ಕೂತು ಬಂದೆ ಅಂದಿದ್ದರೆ ಮುಗಿಯುತ್ತಿತ್ತು. ನನಗೆ ಅದು ಅರ್ಥವಾಯಿತು. ಅರ್ಥವಾಗಿಯೂ ನನ್ನ ಬಾಯಿಂದ ಬಂದದ್ದು, ಊರೋರು ಏನಂತಾರೆ ಮಗ ಎಂಬ ಮಾತು. ನಾಳೆ ಗೇಟಿನಲ್ಲಿ ಕೂತು ಬೇರೆಯವರಿಗೆ ಬುದ್ಧಿ ಹೇಳುವ ಮುಖ ನನಗಿರುತ್ತದಾ ಎಂದೂ ಕೇಳಿದೆ. ಅವಳು ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದಳು, ನಿಪ್ಪಟ್ಟಿನ ಡಬ್ಬಿಯ ಮುಚ್ಚಳ ತಾನೇ ಹಾಕಿದಳು.

ಹತ್ತೂವರೆಗೆ ವ್ಯಾನು ನನ್ನ ಕಿಟಕಿಗೆ ಬಂತು. ನಾನು ಮುಂಚೆಯೇ ಹೋಗಿ ಪಾಳಿಗೆ ಕೂತಿದ್ದೆ. ಮದುವೆಯ ಕಾಲ, ಹಿಂದೆ ಗಾಡಿಗಳ ಸಾಲು ಪೆಟ್ರೋಲ್ ಬಂಕಿನವರೆಗೆ ನಿಂತಿತ್ತು. ಸಿದ್ದರಾಜು ಆಚೆಯವನು, ಅವನೇನೂ ಹೇಳಬೇಕಿರಲಿಲ್ಲ. ಸ್ಟೀರಿಂಗಿನ ಮೇಲೆ ಕೈ ಇಟ್ಟುಕೊಂಡೇ ನಮಸ್ಕಾರ ಮಾಡಿದ. ದೇವೀರಿ ಕಿಟಕಿಯಿಂದ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ನನ್ನ ಇನ್ನೊಂದು ಕೈ ಗೇಟಿನ ಹಿಡಿಯ ಮೇಲಿತ್ತು. ಅವಳು ಜೋರಾಗಿಯೂ ಅನ್ನಲಿಲ್ಲ, ಮೆಲ್ಲಗೂ ಅನ್ನಲಿಲ್ಲ. ನನ್ನ ಮುಖವನ್ನೇ ನೋಡುತ್ತ ಹೇಳಿದಳು.

"ಹೋಗ್ತೀನಿ ಅವ್ವ."

ಹಿಂದೆ ಒಂದು ಲಾರಿ ಹಾರನ್ ಹೊಡೆಯುತ್ತಿತ್ತು. ನಾನು, "ಹೋಗಿ ಬಾ ಮಗ" ಎಂದೆ, ಗೇಟು ಎತ್ತಿದೆ.

ವಿಚಾರಣೆಯಲ್ಲಿ ನಾನು ಕೊಟ್ಟ ಉತ್ತರ ಇದು: ಹಾರನ್ ಸದ್ದಿಗೆ ಸರಿಯಾಗಿ ಕೇಳಿಸಲಿಲ್ಲ, ಬತ್ತೀನಿ ಅಂದಳು ಅಂದುಕೊಂಡೆ. ಸಾಹೇಬರು ಒಳ್ಳೆಯವರು, ಹೆತ್ತ ತಾಯಿಗೆ ಇದಕ್ಕಿಂತ ಶಿಕ್ಷೆ ಬೇಕಾ ಎಂದು ಫೈಲು ಮುಚ್ಚಿದರು. ಊರಿನವರೂ ಅದನ್ನೇ ನಂಬಿದ್ದಾರೆ. ನನ್ನನ್ನು ನೋಡಿದರೆ ಅಯ್ಯೋ ಅನ್ನುತ್ತಾರೆ. ಆ ಅಯ್ಯೋ ಕೇಳಿ ಕೇಳಿ ಮೂರು ವರ್ಷದಿಂದ ಮೈ ಉರಿಯುತ್ತಿದೆ. ನನಗೆ ಕೇಳಿಸಿತ್ತು. ಸ್ಪಷ್ಟವಾಗಿ, ಒಂದೊಂದು ಅಕ್ಷರವೂ ಕೇಳಿಸಿತ್ತು. ನಲವತ್ತೇಳು ಜನರನ್ನು ಗಾಡಿಯಿಂದ ಇಳಿಸಿ ಕಾಫಿ ಕೊಟ್ಟವಳು ನನ್ನ ಮಗಳನ್ನು ಇಳಿಸಲಿಲ್ಲ. ಇಳಿಸಿದ್ದರೆ ಸಾಲಿನಲ್ಲಿ ನಿಂತವರೆಲ್ಲ ಯಾಕೆ ಎಂದು ಕೇಳುತ್ತಿದ್ದರು, ನಾನು ಹೇಳಬೇಕಾಗುತ್ತಿತ್ತು. ಅವನ ಕೈಯಿಂದಾದರೂ ತಪ್ಪಿಸಿಕೊಳ್ಳಲಿ ಎಂದು ಬಿಟ್ಟೆ ಎಂದು ಹೇಳಿಕೊಂಡರೆ ನನಗೂ ನೆಮ್ಮದಿ, ಕೇಳುವವರಿಗೂ ನೆಮ್ಮದಿ. ಅದು ಸುಳ್ಳು. ನಾಚಿಕೆಗೆ ಬಿಟ್ಟೆ. ಹಾರನ್ನಿಗೆ ಕೈ ಗೇಟು ಎತ್ತಿತು. ಎತ್ತುವಾಗ, ನಾನು ಬಾ ಅಂದಿದ್ದೇನಲ್ಲ, ಅದೂ ಲೆಕ್ಕಕ್ಕೆ ಬರುತ್ತದೆ ಎಂದು ಮನಸ್ಸಿಗೆ ಒಂದು ಸಮಾಧಾನ ಹೇಳಿಕೊಂಡೆ.

ವ್ಯಾನು ಆಚೆ ಹೊರಗೆ ಬಂದಾಗ ಸೀಟಿನ ಮೇಲೆ ನಿಪ್ಪಟ್ಟಿನ ಡಬ್ಬಿ ಮಾತ್ರ ಇತ್ತು. ಅವರ ಗೇಟಿನಲ್ಲಿ ಅವಳು ಹೇಳಿ ಬಂದಿದ್ದ ಬತ್ತೀನಿ, ಕೊನೆಗೆ ಅಂದ ಹೋಗ್ತೀನಿಯ ಮುಂದೆ ನಿಲ್ಲಲಿಲ್ಲ. ಸಿದ್ದರಾಜು ಅದನ್ನು ಪೊಲೀಸರ ಕೈಗೆ ಕೊಟ್ಟ, ಅವರು ನನಗೆ ತಲುಪಿಸಿದರು. ಅವನು ದೀಪಾವಳಿಗೆ ಇನ್ನೊಂದು ಮದುವೆಯಾದ. ಹುಡುಗಿ ಅವನ ಊರಿನವಳೇ, ಸುರಂಗ ದಾಟಬೇಕಿಲ್ಲ. ನಾನು ಕಾಯುತ್ತ ಕೂತೆ. ಕಳಿಸುವವರು ಬಾ ಅಂದದ್ದಕ್ಕೆ ಬೆಲೆ ಇದೆಯೋ ಇಲ್ಲವೋ ಎಂದು ನಮ್ಮ ಊರಿನಲ್ಲಿ ಹಿಂದಿನಿಂದಲೂ ವಾದ ಇತ್ತು, ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಪ್ರತಿ ಬೆಳಿಗ್ಗೆ ಬೆಂಚು ಒರೆಸಿ, ಸುರಂಗದ ಬಾಯಿಯ ಕಡೆ ಮುಖ ಮಾಡಿ ಕೂರುತ್ತಿದ್ದೆ. ಬದುಕಿ ಬಂದರೂ ಸರಿ, ಸತ್ತು ಬಂದರೂ ಸರಿ, ಬಂದೆ ಎಂದರೆ ಸಾಕು ಅನ್ನುವಷ್ಟಕ್ಕೆ ಇಳಿದೆ. ಮೂರು ವರ್ಷದಲ್ಲಿ ನನಗೆ ತಿಳಿದದ್ದು ಇಷ್ಟು. ಕಳಿಸುವವರ ಬಾ ಎಂಬ ಮಾತಿಗೆ ಕಿಲುಬು ಕಾಸಿನ ಬೆಲೆಯೂ ಇಲ್ಲ.

ಒಳಗೆ ಹೋಗಿ ಹುಡುಕಬೇಕೆಂದು ಅನ್ನಿಸಲಿಲ್ಲವೇ ಎಂದು ನೀವು ಕೇಳಬಹುದು. ಮೊದಲ ದಿನದಿಂದಲೇ ಅನ್ನಿಸಿತ್ತು. ಆದರೆ ಗೇಟಿನವಳನ್ನೂ ಇನ್ನೊಬ್ಬರು ಕಳಿಸಬೇಕು. ನನ್ನ ಪಾಳಿ ಬಿಡಿಸುವವರು ನನ್ನ ಮುಖ ಕಂಡರೇ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಬರೀ ಬತ್ತೀನಿ ಅಂದರೆ ಒಬ್ಬಳೇ ವಾಪಸು ಬರುತ್ತೇನೆ, ಏನು ಪ್ರಯೋಜನ. ಹೋಗ್ತೀನಿ ಅಂದರೆ ಅವಳು ಇರುವ ಕಡೆ ಹೋಗಬಹುದೇನೋ, ಆದರೆ ಇಬ್ಬರೂ ಬರುವುದಿಲ್ಲ. ಇನ್ನು ಉಳಿದದ್ದು ಹೊನ್ನಯ್ಯನ ಮಾತು. ಅದಕ್ಕೆ ಯಾರೂ ಗೇಟು ಎತ್ತುತ್ತಿರಲಿಲ್ಲ, ನಿಜ ಹೇಳಬೇಕೆಂದರೆ ಅದನ್ನು ಅನ್ನುವ ಧೈರ್ಯವೂ ಇರಲಿಲ್ಲ.

ಈಗ ಗೂಡು ಮುಚ್ಚುತ್ತಿದ್ದಾರೆ. ಗಾಡಿಗಳು ಹೆಚ್ಚಾದವು, ಮನುಷ್ಯರು ನಿಧಾನ ಎಂದು ಯಂತ್ರ ತಂದಿದ್ದಾರೆ. ಕಂಬದ ಮೇಲೆ ಒಂದು ಡಬ್ಬಿ, ಅದರಲ್ಲಿ ತೂತುಗಳು. ಅದರ ಮುಂದೆ ಬತ್ತೀನಿ ಅಂದರೆ ಗೇಟು ತಾನೇ ಏಳುತ್ತದೆ, ಹೋಗಿ ಬನ್ನಿ ಎಂದು ದನಿ ಬರುತ್ತದೆ. ಆ ದನಿ ನನ್ನದೇ. ಹೋದ ತಿಂಗಳು ಒಂದು ಕೋಣೆಯಲ್ಲಿ ಕೂರಿಸಿ ಹದಿನೆಂಟು ಸಲ ಹೇಳಿಸಿ, ಚೆನ್ನಾಗಿ ಬಂದದ್ದನ್ನು ಇಟ್ಟುಕೊಂಡರು. ಯಂತ್ರ ಕೂರಿಸಿದ ಇಂಜಿನಿಯರು ಪರೀಕ್ಷೆ ಮಾಡುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಆತ ತಮಾಷೆಗೆ ಊಟ ಮಾಡ್ಕೊಂಡು ಬತ್ತೀನಿ ಎಂದ, ಗೇಟು ಎದ್ದಿತು. ಮುಂದಿನ ಮಾತು ಅದಕ್ಕೆ ಕೇಳಿಸುವುದಿಲ್ಲವಾ ಎಂದು ಕೇಳಿದೆ. ಕೊನೇ ಪದ ಒಂದು ಸರಿ ಇದ್ದರೆ ಸಾಕಮ್ಮ, ಉಳಿದದ್ದು ಅದಕ್ಕೆ ಬೇಕಿಲ್ಲ ಎಂದ. ಕೇಳಿ ನಾನು ಬೆಂಚು ಹಿಡಿದುಕೊಂಡು ಕೂತೆ. ಸುಸ್ತಾಯಿತು ಅಂದುಕೊಂಡು ಆತ ನೀರು ತಂದುಕೊಟ್ಟ.

ಇವತ್ತು ನನ್ನ ಕೊನೆಯ ಪಾಳಿ. ಬೆಳಿಗ್ಗೆ ಹಾರ ಹಾಕಿದರು, ಭಾಷಣ ಮಾಡಿದರು, ಮಧ್ಯಾಹ್ನ ಊಟಕ್ಕೆ ಚಿರೋಟಿ ಇತ್ತು. ಈಗ ಎಲ್ಲರೂ ಹೋಗಿದ್ದಾರೆ. ಮೂರು ಗಂಟೆಗೆ ಯಂತ್ರ ಶುರುವಾಗಿದೆ, ಸಾಲು ಸರಾಗವಾಗಿ ನಡೆಯುತ್ತಿದೆ. ಹೊರಗೆ ಬಾರಿ ಬಾರಿಗೂ ನನ್ನ ದನಿಯೇ ಹೋಗಿ ಬನ್ನಿ, ಹೋಗಿ ಬನ್ನಿ ಅನ್ನುತ್ತಿದೆ. ವಿಚಾರಣೆಯ ಸಾಹೇಬರಿಗೆ ನಿಜ ಬರೆದು ಸಹಿ ಹಾಕಿ ಮೇಜಿನ ಮೇಲೆ ಇಟ್ಟಿದ್ದೇನೆ, ಗಾಳಿಗೆ ಹಾರದಿರಲಿ ಎಂದು ಅದರ ಮೇಲೆ ಮನೆಯಿಂದ ತಂದ ಆ ಶಾಲಿನ ಫೋಟೋ ಹೇರಿದ್ದೇನೆ. ನನ್ನ ಕೈಯಲ್ಲಿ ಒಂದು ಟಾರ್ಚು, ಹೊಸದಾಗಿ ಕರಿದ ನಿಪ್ಪಟ್ಟು, ಅದೇ ಹಳೆಯ ಡಬ್ಬಿಯಲ್ಲಿ. ಬಿಳಿ ಬಟ್ಟೆಯನ್ನೂ ತೆಗೆದುಕೊಂಡಿದ್ದೇನೆ, ಅವಳಿಗೋ ನನಗೋ ಬೇಕಾಗಬಹುದು. ಹೊನ್ನಯ್ಯ ಇಪ್ಪತ್ತು ವರ್ಷವಾದರೂ ಸಿಗದವನನ್ನು ಹುಡುಕುತ್ತಿದ್ದಾನೆ, ನನಗೂ ಹಾಗೇ ಆಗಬಹುದು, ಅದು ನನಗೆ ಗೊತ್ತು. ಕತ್ತಲಲ್ಲಿ ಕೂಗುವಾಗ ಎಡಗಡೆಯಿಂದ ಕೂಗಬಾರದು, ಅವಳ ಬಲಗಡೆಗೆ ಹೋಗಿ ನಿಂತು ಕೂಗಬೇಕು. ಅದನ್ನೊಂದು ಮರೆಯಬಾರದು.

ಗೂಡು ಬಿಟ್ಟು ಬಂದು ಸಾಲಿನಲ್ಲಿ ನಿಂತಿದ್ದೇನೆ, ನನ್ನ ಮುಂದೆ ಇನ್ನು ಎರಡು ಗಾಡಿ ಇದೆ. ಇಷ್ಟು ಹೊತ್ತು ಕೂತು ಕೇಳಿದಿರಿ, ನಿಮಗೆ ಹೇಳದೆ ಹೊರಡಬಾರದು. ಹೋಗ್ತೀನಿ ಅನ್ನುವುದಿಲ್ಲ, ಬತ್ತೀನಿ ಎಂದಷ್ಟೇ ಹೇಳಿಯೂ ಹೊರಡುವುದಿಲ್ಲ. ಕರ್ಕೊಂಡು ಬತ್ತೀನಿ.